ಮಂಡಿ ಕೂಗುತ್ತದೆ, ಬೆನ್ನು ಸುಮ್ಮನಿರುತ್ತದೆ

(ಮಂಡ್ಯದಲ್ಲಿ ಸ್ವಸಹಾಯ ಸಂಘದ ಮಹಿಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಸ್ವಾಗತ, ಹಾರ, ಮೈಕು ಕೈಕೊಟ್ಟ ಭಾಗಗಳನ್ನು ಬಿಟ್ಟಿದ್ದೇನೆ.)

ಮೊದಲು ಕೈ ಎತ್ತುವ ಕೆಲಸ. ಮಂಡಿ ನೋವು ಇರುವವರು ಕೈ ಎತ್ತಿ. ಸರಿ, ಮುಕ್ಕಾಲು ಸಭೆ ಎತ್ತಿದೆ. ಇಳಿಸಿ. ಡಾಕ್ಟರು "ಮೂಳೆ ಸವೆದಿದೆ ಕಣಮ್ಮ" ಅಂದಿದ್ದಾರೆ ಅನ್ನುವವರು? ಅದೂ ಹೆಚ್ಚುಕಡಿಮೆ ಅಷ್ಟೇ ಜನ. ಇನ್ನೊಂದೇ ಪ್ರಶ್ನೆ. ನಿಮ್ಮ ಎತ್ತರ ಈಗ ಎಷ್ಟು, ಹತ್ತು ವರ್ಷದ ಹಿಂದೆ ಎಷ್ಟಿತ್ತು ಅಂತ ಗೊತ್ತಿರುವವರು? ನೋಡಿ, ಒಂದು ಕೈಯೂ ಇಲ್ಲ. ನಾನು ಮಾತಾಡಲು ಬಂದಿರುವುದು ಈ ಮೂರನೇ ಪ್ರಶ್ನೆಯ ಬಗ್ಗೆ.

ನಮ್ಮ ಕಡೆ 'ಮೂಳೆ ಸವೆತ' ಅನ್ನುವ ಒಂದೇ ಹೆಸರನ್ನು ಎರಡು ಕಾಯಿಲೆಗೆ ಇಟ್ಟುಬಿಟ್ಟಿದ್ದೇವೆ. ಡಾಕ್ಟರುಗಳೂ ಇದರಲ್ಲಿ ಪಾಲುದಾರರೇ, ನಾನೂ ಸೇರಿ. ಮಂಡಿಯಲ್ಲಿ ಸವೆಯುವುದು ಮೂಳೆಯಲ್ಲ, ಎರಡು ಮೂಳೆಗಳ ನಡುವೆ ಇರುವ ಮೆತ್ತೆಯಂಥ ಪದರ. ಅದು ಸವೆದರೆ ನೋಯುತ್ತದೆ. ಮೆಟ್ಟಿಲು ಹತ್ತಿದರೆ ನೋವು, ನೆಲದ ಮೇಲೆ ಕೂತು ಎದ್ದರೆ ನೋವು. ನೋವು ಇರುವುದರಿಂದ ನೀವು ಆಸ್ಪತ್ರೆಗೆ ಬರುತ್ತೀರಿ. ಇನ್ನೊಂದು ಕಾಯಿಲೆ ಬೇರೆಯೇ. ಅದರಲ್ಲಿ ಮೂಳೆಯೇ ಒಳಗಿನಿಂದ ತೆಳುವಾಗಿ ಟೊಳ್ಳಾಗುತ್ತದೆ. ಆಸ್ಟಿಯೋಪೊರೋಸಿಸ್ ಅನ್ನುತ್ತೇವೆ. ಕಬ್ಬು ಬೆಳೆಯುವವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಸೂಲಂಗಿ ಬಂದ ಮೇಲೂ ಕಡಿಯದೆ ಗದ್ದೆಯಲ್ಲೇ ಬಿಟ್ಟ ಕಬ್ಬು ಹೊರಗೆ ನೋಡಲು ಚೆನ್ನಾಗೇ ನಿಂತಿರುತ್ತದೆ, ಮುರಿದು ನೋಡಿದರೆ ಒಳಗೆ ಬೆಂಡು. ಹಾಗೇ ಇದು. ಮತ್ತೆ ಇದು ನೋಯುವುದಿಲ್ಲ. ಮುರಿಯುವ ದಿನದವರೆಗೂ ನೋಯುವುದಿಲ್ಲ. ಅದಕ್ಕೇ ಇದಕ್ಕಾಗಿ ಅಂತ ಯಾರೂ ನನ್ನ ಹತ್ತಿರ ಬರುವುದಿಲ್ಲ, ಮಂಡಿಗೆ ಬಂದವರಲ್ಲಿ ನಾನೇ ಹುಡುಕಬೇಕು.

ನಾನು ಹುಡುಕದೇ ಹೋದ ಒಂದು ಕಥೆ ಹೇಳುತ್ತೇನೆ.

ನಮ್ಮ ಅವ್ವನಿಗೆ ಐವತ್ತೇಳು ವರ್ಷ. ಮಳವಳ್ಳಿ ತಾಲ್ಲೂಕಿನ ನಮ್ಮ ಹಳ್ಳಿ ಮನೆಯಲ್ಲಿ ಬಚ್ಚಲಿನಿಂದ ಬರುವಾಗ ಹೊಸ್ತಿಲ ಹತ್ತಿರ ಜಾರಿ, ಕೈ ಊರಿದ್ದಾಳೆ. ಮಣಿಕಟ್ಟು ಮುರಿಯಿತು. ನಾನಾಗ ಮೂಳೆ ವಿಭಾಗದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ, ದಿನಕ್ಕೆ ಇಂಥ ನಾಲ್ಕು ಕೈ ನೋಡುತ್ತಿದ್ದೆ. ಐರ್ಲೆಂಡಿನ ಏಬ್ರಹಾಂ ಕಾಲಿಸ್ ಅನ್ನುವ ಸರ್ಜನ್ 1814ರಲ್ಲೇ ಬರೆದಿಟ್ಟ ಮುರಿತ ಅದು, ಅವನ ಹೆಸರಲ್ಲೇ ಕರೆಯುತ್ತೇವೆ. ಎಳೆದು ಕೂರಿಸಿ ಕಟ್ಟು ಹಾಕಿದೆ. ಆರು ವಾರಕ್ಕೆ ಸರಿಹೋಯಿತು. ಕೈ ಸೊಟ್ಟ ಆಗದ ಹಾಗೆ ಕೂರಿಸಿದೆ ಅಂತ ನನಗೆ ಹೆಮ್ಮೆ ಬೇರೆ. ಎಕ್ಸ್‌ರೇ ನೋಡಿದ್ದೆ, ಮುರಿದ ಜಾಗ ನೋಡಿದ್ದೆ. ಮೂಳೆ ನೋಡಿರಲಿಲ್ಲ. ಅಷ್ಟು ಹಗುರಾಗಿ ಬಿದ್ದರೆ ಗಟ್ಟಿ ಮೂಳೆ ಮುರಿಯಬಾರದಿತ್ತಲ್ಲ ಅಂತ ನನಗೆ ಹೊಳೆಯಲೇ ಇಲ್ಲ.

ಆಮೇಲಿನ ಹತ್ತು ವರ್ಷ ಅವ್ವ ಗಿಡ್ಡ ಆಗುತ್ತಾ ಹೋದಳು. ಇದನ್ನು ನಾನು ಈಗ ಹೇಳುತ್ತಿದ್ದೇನೆ, ಆಗ ಕಂಡಿರಲಿಲ್ಲ. ಕಂಡದ್ದು ಚಿಲ್ಲರೆ ಚಿಲ್ಲರೆ ಸಂಗತಿಗಳು. ಸೀರೆ ನೆರಿಗೆ ನೆಲ ಗುಡಿಸುತ್ತದೆ ಅಂತ ಸೊಂಟದ ಹತ್ತಿರ ಇನ್ನೊಂದು ಮಡಿಕೆ ಸಿಕ್ಕಿಸಿಕೊಳ್ಳಲು ಶುರು ಮಾಡಿದಳು. ಅಡುಗೆಮನೆ ಗೂಡಿನಲ್ಲಿ ಉಪ್ಪಿನಕಾಯಿ ಜಾಡಿ ಇಡುತ್ತಿದ್ದ ಮೇಲಿನ ಸಾಲು ಖಾಲಿಯಾಯಿತು, ಜಾಡಿಗಳು ಕೆಳಗಿನ ಸಾಲಿಗೆ ಇಳಿದವು. ಹಜಾರದ ಕಂಬದ ಮೇಲೆ ನಾವು ಮಕ್ಕಳಾಗಿದ್ದಾಗ ಸೀಮೆಸುಣ್ಣದಲ್ಲಿ ಎತ್ತರ ಗೀಚಿಕೊಳ್ಳುತ್ತಿದ್ದೆವು, ಅವ್ವನದ್ದೂ ಒಂದು ಗೆರೆ ಇತ್ತು, ಮೊಳೆಯಲ್ಲಿ ಕೊರೆದಿದ್ದರಿಂದ ಅಳಿಸಿರಲಿಲ್ಲ. ಒಂದು ಸಲ ದೀಪಾವಳಿಗೆ ಸುಣ್ಣ ಹೊಡೆಸುವಾಗ ಅದರ ಪಕ್ಕ ನಿಲ್ಲಿಸಿದೆ. ನಾಲ್ಕು ಬೆರಳು ಕೆಳಗಿದ್ದಳು. "ವಯಸ್ಸಾದ ಮೇಲೆ ಕುಗ್ತಾರೆ ಬುಡು" ಅಂದಳು. ನಾನೂ ಬಿಟ್ಟೆ. ಅರವತ್ತೆಂಟಕ್ಕೆ, ರಾತ್ರಿ ಕರೆಂಟ್ ಹೋದಾಗ ಎದ್ದವಳು ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ಆಪರೇಷನ್ ಆಯಿತು, ವಾಕರ್ ಹಿಡಿದು ನಡೆದಳು, ಆದರೆ ಆ ಮನೆಯ ಹೊಸ್ತಿಲನ್ನು ತಾನೇ ದಾಟಿ ಹೊಲದ ಕಡೆ ಮತ್ತೆ ಹೋಗಲೇ ಇಲ್ಲ.

ಸೊಂಟ ಮುರಿದವರಲ್ಲಿ ಐವರಿಗೆ ಒಬ್ಬರು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಾರೆ. ಮುರಿತದಿಂದಲೇ ಅಲ್ಲ, ಮಲಗಿದ್ದರಿಂದ. ಕಫ ಕಟ್ಟುತ್ತದೆ, ಹಾಸಿಗೆ ಹುಣ್ಣಾಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೆದರಿಸಲು ಹೇಳುತ್ತಿಲ್ಲ. ಮೊದಲನೇ ಮುರಿತವನ್ನು ಯಾಕೆ ಹಗುರವಾಗಿ ನೋಡಬಾರದು ಅಂತ ಹೇಳುತ್ತಿದ್ದೇನೆ. ಒಮ್ಮೆ ಹೀಗೆ ಮುರಿದವರಿಗೆ ಮತ್ತೆ ಮುರಿಯುವ ಸಾಧ್ಯತೆ ಬೇರೆಯವರಿಗಿಂತ ಎರಡರಷ್ಟು. ಅವ್ವನ ಕೈ ಮುರಿತ ಒಂದು ಚೀಟಿ ಇದ್ದ ಹಾಗೆ, ಓದಲು ಬರುವವಳೇ ಓದಲಿಲ್ಲ.

ಈಗ ಮುಟ್ಟು ನಿಂತ ಮೇಲೆಯೇ ಇದು ಯಾಕೆ ಅನ್ನುವುದಕ್ಕೆ ಬರೋಣ.

ಕೆಆರ್‌ಎಸ್ ನೀರಿನ ಲೆಕ್ಕ ನಿಮಗೆಲ್ಲ ಬಾಯಿಪಾಠ. ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಪೇಪರಿನಲ್ಲಿ ಮೊದಲು ನೋಡುವುದೇ ಅದನ್ನು. ಮೂಳೆಗೂ ಅದೇ ಲೆಕ್ಕ. ಮೂಳೆ ಕಲ್ಲಲ್ಲ, ಜೀವ ಇರುವ ವಸ್ತು. ದಿನಾಲೂ ಒಂದಷ್ಟು ಹಳೆಯದು ಕರಗುತ್ತದೆ, ಒಂದಷ್ಟು ಹೊಸದು ಕಟ್ಟುತ್ತದೆ. ದೊಡ್ಡವರಲ್ಲಿ ವರ್ಷಕ್ಕೆ ಹತ್ತರಲ್ಲಿ ಒಂದು ಪಾಲಿನಷ್ಟು ಮೂಳೆ ಹೀಗೆ ಹೊಸದಾಗುತ್ತದೆ. ಇಪ್ಪತ್ತೈದು, ಮೂವತ್ತು ವರ್ಷದವರೆಗೆ ಒಳಹರಿವೇ ಜಾಸ್ತಿ, ಅಣೆಕಟ್ಟು ತುಂಬುತ್ತದೆ. ನಂತರ ಸ್ವಲ್ಪ ಕಾಲ ಸಮ. ಹೊರಹರಿವಿನ ಗೇಟಿಗೆ ಕೈ ಹಿಡಿದು ಕೂತಿರುವುದು ಈಸ್ಟ್ರೋಜನ್ ಅನ್ನುವ ಹಾರ್ಮೋನು. ಮುಟ್ಟು ನಿಲ್ಲುವುದು ಅಂದರೆ ಆ ಹಾರ್ಮೋನು ಇಳಿಯುವುದು. ಕೈ ಬಿಟ್ಟ ತಕ್ಷಣ ಗೇಟು ಎತ್ತಿಕೊಳ್ಳುತ್ತದೆ. ಮೊದಲ ಐದರಿಂದ ಏಳು ವರ್ಷದಲ್ಲಿ ಮೂಳೆಯ ಹತ್ತರಲ್ಲಿ ಒಂದು ಪಾಲು, ಕೆಲವರಿಗೆ ಐದರಲ್ಲಿ ಒಂದು ಪಾಲು ಹೊರಟುಹೋಗುತ್ತದೆ. ಆಮೇಲೆ ಹರಿವು ನಿಧಾನ ಆಗುತ್ತದೆ, ನಿಲ್ಲುವುದಿಲ್ಲ.

ಇದನ್ನು ಮೊದಲು ಸ್ಪಷ್ಟವಾಗಿ ಹೇಳಿದವನು ಅಮೆರಿಕದ ಬಾಸ್ಟನ್ನಿನ ಫುಲರ್ ಆಲ್‌ಬ್ರೈಟ್, 1941ರಲ್ಲಿ. ಬೆನ್ನುಮೂಳೆ ಕುಸಿದ ರೋಗಿಗಳನ್ನು ಸಾಲಾಗಿ ನೋಡಿದಾಗ ಹೆಚ್ಚುಕಡಿಮೆ ಎಲ್ಲರೂ ಮುಟ್ಟು ನಿಂತ ಹೆಂಗಸರು ಅಂತ ಅವನಿಗೆ ಕಂಡಿತು. ದೊಡ್ಡ ಯಂತ್ರ ಏನೂ ಇರಲಿಲ್ಲ. ರೋಗಿಯ ಕಥೆ ಕೇಳಿದ, ಹೊಂದಿಸಿದ. ನಾನು ಇವತ್ತು ನಿಮ್ಮ ಹತ್ತಿರ ಮಾಡಲು ಹೊರಟಿರುವುದೂ ಅದನ್ನೇ. ಅಪಾಯ ನಿಮ್ಮ ರಕ್ತದ ರಿಪೋರ್ಟಿನಲ್ಲಿ ಇರುವುದಕ್ಕಿಂತ ನಿಮ್ಮ ಕಥೆಯಲ್ಲಿ ಜಾಸ್ತಿ ಇರುತ್ತದೆ.

ಹಾಗಾಗಿ ಮೊದಲ ಪ್ರಶ್ನೆ, ಮುಟ್ಟು ಯಾವ ವಯಸ್ಸಿಗೆ ನಿಂತಿತು? ನಮ್ಮ ದೇಶದಲ್ಲಿ ಸರಾಸರಿ ನಲವತ್ತಾರು, ನಲವತ್ತೇಳು. ಪಶ್ಚಿಮದ ದೇಶಗಳಲ್ಲಿ ಐವತ್ತೊಂದರ ಹತ್ತಿರ. ಅಂದರೆ ನಮ್ಮ ಗೇಟು ನಾಲ್ಕೈದು ವರ್ಷ ಮೊದಲೇ ಎತ್ತಿಕೊಳ್ಳುತ್ತದೆ. ನಲವತ್ತೈದಕ್ಕಿಂತ ಮುಂಚೆ ನಿಂತಿದ್ದರೆ ಅದನ್ನು ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಮೂಳೆ ಡಾಕ್ಟರು ಗಂಡಸಾದರೆ ಮುಟ್ಟಿನ ಮಾತು ಆಡಲು ನಿಮಗೆ ನಾಚಿಕೆ, ಕೇಳಲು ಅವರಿಗೂ ಮುಜುಗರ, ಇಬ್ಬರ ನಡುವೆ ಮುಖ್ಯ ವಿಷಯ ಹಾಗೇ ಉಳಿದುಹೋಗುತ್ತದೆ.

ಇದಕ್ಕೆ ಅಂಟಿಕೊಂಡೇ ಇನ್ನೊಂದು. ಗರ್ಭಕೋಶ ತೆಗೆಸಿಕೊಂಡವರು. ಇಲ್ಲಿ ಕೈ ಎತ್ತಿಸುವುದಿಲ್ಲ, ನಿಮ್ಮ ನಿಮ್ಮಲ್ಲೇ ಎಣಿಸಿಕೊಳ್ಳಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಹದಿನೈದರಿಂದ ನಲವತ್ತೊಂಬತ್ತರ ನಡುವಿನ ಹೆಂಗಸರಲ್ಲಿ ನೂರಕ್ಕೆ ಸುಮಾರು ಮೂವರಿಗೆ ಈ ಆಪರೇಷನ್ ಆಗಿದೆ. ಬಿಳಿಸೆರಗು ಹೋಗುತ್ತದೆ, ರಕ್ತಸ್ರಾವ ಜಾಸ್ತಿ, "ಮಕ್ಕಳಾಯ್ತಲ್ಲ, ಇನ್ನೇಕೆ ಇಟ್ಕೊಂಡಿದೀಯ, ತೆಗೆಸಿಬಿಡು" ಅಂತ ಮೂವತ್ತೈದಕ್ಕೇ ತೆಗೆಸಿದವರು ಇದ್ದಾರೆ. ಕೆಲವರಿಗೆ ನಿಜಕ್ಕೂ ಬೇಕಿತ್ತು, ಅದು ಬೇರೆ ಮಾತು. ಆದರೆ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಿದ್ದರೆ ಈಸ್ಟ್ರೋಜನ್ ಮೆಲ್ಲಗೆ ಇಳಿಯುವುದಿಲ್ಲ, ಕೆಲವೇ ದಿನಗಳಲ್ಲಿ ಕುಸಿಯುತ್ತದೆ. ಮೂವತ್ತೈದು ವರ್ಷದವಳ ಮೂಳೆಗೆ ಆಗಲೇ ಮುಟ್ಟು ನಿಂತವಳ ಕಾಲ ಶುರು. ಅಂಡಾಶಯ ಉಳಿಸಿದ್ದರೂ ಸ್ವಲ್ಪ ಬೇಗ ನಿಲ್ಲುವುದುಂಟು. ಮನೆಗೆ ಹೋಗಿ ಟ್ರಂಕಿನಲ್ಲಿರುವ ಹಳೇ ಡಿಸ್‌ಚಾರ್ಜ್ ಕಾರ್ಡ್ ತೆಗೆದು ಓದುವ ಮಗಳ ಕೈಗೆ ಕೊಡಿ. ಇಂಗ್ಲಿಷಿನಲ್ಲಿ 'ಟಿಎಎಚ್' ಅಂತ ಮಾತ್ರ ಇದ್ದರೆ ಗರ್ಭಕೋಶ ತೆಗೆದಿದ್ದಾರೆ ಅಂತ. ಅದರ ಪಕ್ಕ 'ಬಿಎಸ್‌ಒ' ಅಂತಲೂ ಇದ್ದರೆ ಎರಡೂ ಅಂಡಾಶಯ ಹೋಗಿದೆ ಅಂತ. ಈ ಮೂರು ಅಕ್ಷರ ನೋಡಿದರೆ ನಾನು ಮುಂದಿನ ಪರೀಕ್ಷೆಗೆ ತಡ ಮಾಡುವುದಿಲ್ಲ.

ಎರಡನೇ ಪ್ರಶ್ನೆ ನಿಮ್ಮ ಅಮ್ಮನ ಬಗ್ಗೆ. ಅವರ ಬೆನ್ನು ಗೂನಾಗಿತ್ತಾ? ಅವರೋ ನಿಮ್ಮ ಅಪ್ಪನೋ ಸೊಂಟ ಮುರಿದುಕೊಂಡಿದ್ದರಾ? ಇದು ರಕ್ತದಲ್ಲಿ ಬರುತ್ತದೆ. ನನ್ನ ಕಥೆ ಈಗಷ್ಟೇ ಕೇಳಿದಿರಿ, ಅಂದರೆ ಇದರಲ್ಲಿ ನಾನೂ ಇದ್ದೇನೆ.

ತೆಳ್ಳಗಿರುವವರಿಗೂ ಹೇಳಬೇಕು. ತೂಕ ಜಾಸ್ತಿ ಇರುವವರಿಗೆ ಬೈದು ಬೈದು, ಒಣಗಿದ ಕಡ್ಡಿಯ ಹಾಗಿರುವವರು ಆರೋಗ್ಯವಂತರು ಅಂತ ನಾವೇ ನಂಬಿಸಿಬಿಟ್ಟಿದ್ದೇವೆ. ಮೂಳೆಯ ವಿಷಯದಲ್ಲಿ ಅದು ತಲೆಕೆಳಗು. ಸಣ್ಣ ಮೈಕಟ್ಟಿನವರಿಗೆ ಅಣೆಕಟ್ಟೇ ಚಿಕ್ಕದು, ಮೇಲಾಗಿ ಬಿದ್ದಾಗ ಸೊಂಟಕ್ಕೆ ಮೆತ್ತೆಯೂ ಇಲ್ಲ. ಹಾಗಂತ ತೂಕ ಏರಿಸಿಕೊಳ್ಳಿ ಅಂತ ನಾನು ಹೇಳಿದೆ ಅಂತ ಮನೆಯಲ್ಲಿ ಹೋಗಿ ಹೇಳಬೇಡಿ!

ಈಗ ಮಾತ್ರೆಗಳು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ವಯಸ್ಸನ್ನು, ಅಮ್ಮನನ್ನು ಬದಲಾಯಿಸಲು ಆಗುವುದಿಲ್ಲ, ಇದನ್ನು ಆಗುತ್ತದೆ.

ಪಾಂಡವಪುರ ಕಡೆಯಿಂದ ಒಬ್ಬಾಕೆ ಬಂದರು. ಐವತ್ತೆರಡು ವರ್ಷ. ಬಿಂದಿಗೆ ಎತ್ತುವಾಗ ಬೆನ್ನಲ್ಲಿ 'ಲಟಕ್' ಅಂದಿತಂತೆ, ಆಮೇಲೆ ಏಳಲು ಆಗಿಲ್ಲ. ಮುಖ ದುಂಡಗೆ ಊದಿತ್ತು, ಕೈ ಕಾಲು ಸಣ್ಣ, ತೋಳಿನ ಮೇಲೆ ಅಲ್ಲಲ್ಲಿ ನೀಲಿ ಕಲೆ. ಎಕ್ಸ್‌ರೇಯಲ್ಲಿ ಬೆನ್ನಿನ ಎರಡು ಮೂಳೆ ಮುಂದಿನ ಕಡೆಯಿಂದ ಕುಸಿದು, ಕತ್ತರಿಸಿದ ಬೆಲ್ಲದ ಅಚ್ಚಿನ ಹಾಗೆ ಓರೆಯಾಗಿದ್ದವು. ಏನು ಮಾತ್ರೆ ತಗೋತೀರಿ ಅಂದೆ. "ಮಾತ್ರೆ ಏನೂ ಇಲ್ಲ ಕಣವ್ವ" ಅಂದರು. ಮೂರು ಸಲ ಕೇಳಿದ ಮೇಲೆ ಸೊಸೆ ಚೀಲದಿಂದ ಒಂದು ಪೊಟ್ಟಣ ತೆಗೆದಳು. ಹೆಸರಿಲ್ಲ, ಚೀಟಿಯಿಲ್ಲ, ಕಂದು ಬಣ್ಣದ ಪುಡಿ. ಕೀಲು ನೋವಿಗೆ ಅಂತ ಯಾರೋ ಕೊಟ್ಟದ್ದು, ನಾಲ್ಕು ವರ್ಷದಿಂದ ದಿನಕ್ಕೆರಡು ಚಿಟಿಕೆ. ಕುಡಿದ ದಿನ ಹಾರಾಡುವ ಹಾಗೆ ಆಗುತ್ತದೆ, ಬಿಟ್ಟ ದಿನ ಎದ್ದೇಳಲು ಆಗುವುದಿಲ್ಲ. ಬೇರಿನ ಪುಡಿ ಹೀಗೆ ಕುಣಿಸುವುದಿಲ್ಲ ಸ್ವಾಮಿ, ಹೀಗೆ ಕುಣಿಸುವುದು ಸ್ಟೀರಾಯ್ಡ್.

ಸ್ಟೀರಾಯ್ಡ್ ಕೆಟ್ಟದ್ದಲ್ಲ. ಉಬ್ಬಸಕ್ಕೆ, ಕೀಲುವಾತಕ್ಕೆ, ಕಿಡ್ನಿ ಕಾಯಿಲೆಗೆ ಪ್ರಾಣ ಉಳಿಸುವ ಔಷಧಿ. ಆದರೆ ಪ್ರೆಡ್ನಿಸೊಲೋನ್ ಮಾತ್ರೆ ದಿನಕ್ಕೆ 5 ಮಿಲಿಗ್ರಾಂನಂತೆ ಮೂರು ತಿಂಗಳು ಮೀರಿ ತಗೊಂಡರೆ ಮೂಳೆಯ ಲೆಕ್ಕ ನೋಡಲೇಬೇಕು. ಮೊದಲ ಕೆಲವು ತಿಂಗಳಲ್ಲೇ ಮೂಳೆ ವೇಗವಾಗಿ ಇಳಿಯುತ್ತದೆ. ಇಷ್ಟು ಕೇಳಿ ಯಾರೂ ಮನೆಗೆ ಹೋಗಿ ಮಾತ್ರೆಯನ್ನು ತಿಪ್ಪೆಗೆ ಎಸೆಯಬೇಡಿ. ಬಹಳ ದಿನ ತಗೊಂಡದ್ದನ್ನು ತಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯ. ಡಾಕ್ಟರ ಹತ್ತಿರ ಹೋಗಿ, ಮೆಲ್ಲಗೆ ಇಳಿಸುತ್ತಾರೆ. ಉಬ್ಬಸಕ್ಕೆ ಎಳೆದುಕೊಳ್ಳುವ ಪಂಪು ಬೇರೆ, ಅದಕ್ಕೆ ಹೆದರಿ ಬಿಡಬೇಡಿ.

ಥೈರಾಯ್ಡ್ ಮಾತ್ರೆ ತಗೊಳ್ಳುವವರು ಇಲ್ಲಿ ಬಹಳ ಜನ ಇರುತ್ತೀರಿ. ಅಳತೆ ಸರಿಯಿದ್ದರೆ ತೊಂದರೆಯಿಲ್ಲ. ಐದು ವರ್ಷದ ಹಿಂದೆ ಬರೆದ ಚೀಟಿಯನ್ನೇ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಂದು ನುಂಗುತ್ತಿದ್ದರೆ ತೊಂದರೆ ಇದೆ, ಯಾಕೆಂದರೆ ಜಾಸ್ತಿಯಾದ ಥೈರಾಯ್ಡ್ ಮೂಳೆ ಕರಗಿಸುತ್ತದೆ. ಫಿಟ್ಸ್ ಮಾತ್ರೆಗಳಲ್ಲಿ ಫೆನಿಟಾಯಿನ್‌ನಂಥವು, ಸ್ತನ ಕ್ಯಾನ್ಸರ್ ಆದ ಮೇಲೆ ಕೊಡುವ ಲೆಟ್ರೊಜೋಲ್, ಇವುಗಳ ಪಟ್ಟಿ ಉದ್ದ ಇದೆ, ಬಿಡಿ. ಗ್ಯಾಸ್ ಮಾತ್ರೆ ಒಂದು ಹೇಳಿಬಿಡುತ್ತೇನೆ. ಬೆಳಗ್ಗೆ ಎದ್ದು ಕಾಫಿಗೆ ಮುಂಚೆ ಒಂದು ಗ್ಯಾಸ್ ಮಾತ್ರೆ ನುಂಗುವುದು ಹಲ್ಲುಜ್ಜಿದ ಹಾಗೆ ಅಭ್ಯಾಸವಾಗಿದೆ. ವರ್ಷಗಟ್ಟಲೆ ನುಂಗುವವರಲ್ಲಿ ಮುರಿತ ಸ್ವಲ್ಪ ಜಾಸ್ತಿ ಕಂಡಿದೆ. ಅದೇ ಕಾರಣವಾ, ಬೇರೆ ಕಾಯಿಲೆಗಳೂ ಸೇರಿ ಹಾಗಾಗುತ್ತದಾ ಅನ್ನುವ ವಾದ ನಡೆಯುತ್ತಲೇ ಇದೆ. ನನ್ನ ಅಭಿಪ್ರಾಯ ಇಷ್ಟೇ, ಯಾಕೆ ಅಂತ ಗೊತ್ತಿಲ್ಲದ ಮಾತ್ರೆಯನ್ನು ದಿನಾ ಯಾಕೆ ನುಂಗಬೇಕು?

ಸಕ್ಕರೆ ಕಾಯಿಲೆ ಇರುವವರಿಗೆ ಒಂದು ವಿಚಿತ್ರ ಇದೆ. ಸ್ಕ್ಯಾನಿನಲ್ಲಿ ಮೂಳೆ ಚೆನ್ನಾಗೇ ಇದೆ ಅಂತ ಬರುತ್ತದೆ, ಆದರೂ ಮುರಿಯುತ್ತದೆ. ಮೂಳೆಯ ಪ್ರಮಾಣ ಸರಿ, ಗುಣ ಕಡಿಮೆ. ಜೊತೆಗೆ ಕಾಲು ಜೋಮು, ಕಣ್ಣು ಮಂಜು, ಸಕ್ಕರೆ ಇಳಿದು ತಲೆಸುತ್ತು, ಬೀಳಲು ಕಾರಣಗಳೂ ಜಾಸ್ತಿ.

ಬೀಡಿ, ಸಿಗರೇಟು, ದಿನಾ ಕುಡಿತ, ಇವು ಮೂರೂ ಮೂಳೆಗೆ ಶತ್ರು. ಇಲ್ಲಿ ಕೂತಿರುವವರಿಗೆ ಜಾಸ್ತಿ ಹೇಳಬೇಕಿಲ್ಲ. ಮನೆಯಲ್ಲಿರುವ ಗಂಡಸರಿಗೆ ಹೇಳಿ, ಅವರಿಗೂ ಮೂಳೆ ಟೊಳ್ಳಾಗುತ್ತದೆ. ಪ್ರಪಂಚದಲ್ಲಿ ಐವತ್ತು ದಾಟಿದ ಹೆಂಗಸರಲ್ಲಿ ಮೂವರಿಗೊಬ್ಬರಿಗೆ, ಗಂಡಸರಲ್ಲಿ ಐವರಿಗೊಬ್ಬರಿಗೆ ಟೊಳ್ಳು ಮೂಳೆಯಿಂದ ಮುರಿತ ಆಗುತ್ತದೆ. ಕಾಫಿ ಬಗ್ಗೆ ಯಾರೋ ಚೀಟಿ ಕಳಿಸಿದ್ದಾರೆ. ದಿನಕ್ಕೆ ಎರಡು ಮೂರು ಲೋಟ ಕುಡಿದರೆ ಏನೂ ಮುಳುಗುವುದಿಲ್ಲ, ಕುಡೀರಿ.

"ನಮಗೇಕೆ ಬರುತ್ತೆ ಡಾಕ್ಟ್ರೇ, ನಾವು ಮುದ್ದೆ ತಿನ್ನೋರು, ಗದ್ದೆಯಲ್ಲಿ ದುಡಿಯೋರು." ಇದು ನಾನು ಪ್ರತಿ ಊರಿನಲ್ಲೂ ಕೇಳುವ ಮಾತು. ಅರ್ಧ ಸರಿ. ರಾಗಿಯಲ್ಲಿ ನೂರು ಗ್ರಾಂಗೆ 340 ಮಿಲಿಗ್ರಾಂ ಮೀರಿ ಕ್ಯಾಲ್ಸಿಯಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ಹೋಲಿಕೆಯೇ ಇಲ್ಲ. ಇಲ್ಲೇ ವಿ.ಸಿ. ಫಾರಂನಲ್ಲಿ ಕೂತು, ನಮ್ಮ ರಾಗಿಯನ್ನು ಆಫ್ರಿಕದ ರಾಗಿ ಜೊತೆ ಬೆರೆಸಿ ಇಂಡಾಫ್ ತಳಿಗಳನ್ನು ಕೊಟ್ಟ ಲಕ್ಷ್ಮಣಯ್ಯನವರನ್ನು ಜನ 'ರಾಗಿ ಲಕ್ಷ್ಮಣಯ್ಯ' ಅಂತಲೇ ಕರೆದರು. ಅಂಥ ಊರು ನಮ್ಮದು. ಆದರೆ ನಾಲೆ ಬಂದ ಕಡೆ ಭತ್ತ ಬಂತು. ಎರಡು ಹೊತ್ತು ಮುದ್ದೆ ಇದ್ದ ಮನೆಯಲ್ಲಿ ಈಗ ಒಂದು ಹೊತ್ತು, ಅದೂ ಗಂಡಸರ ತಟ್ಟೆಯಲ್ಲಿ ದೊಡ್ಡದು, ಹೆಂಗಸರ ತಟ್ಟೆಯಲ್ಲಿ ಉಳಿದದ್ದು. ಮುಟ್ಟು ನಿಂತವರಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು ಅಂತ ನಮ್ಮ ದೇಶದ ಪಟ್ಟಿಯೇ ಹೇಳುತ್ತದೆ. ನೂರು ಗ್ರಾಂ ಹಿಟ್ಟಿನ ಒಂದು ದೊಡ್ಡ ಮುದ್ದೆಯಿಂದ ಮೂರರಲ್ಲಿ ಒಂದು ಪಾಲೂ ತುಂಬುವುದಿಲ್ಲ. ರಾಗಿಯಲ್ಲಿರುವುದೆಲ್ಲ ಮೈಗೆ ಹತ್ತುವುದೂ ಇಲ್ಲ. ಮೊಳಕೆ ಕಟ್ಟಿದರೆ ಹೀರಿಕೆ ಸ್ವಲ್ಪ ಹೆಚ್ಚುತ್ತದೆ.

ಹಾಲಿನ ಮಾತು ಬಂದರೆ ನನಗೆ ಸಿಟ್ಟೇ ಬರುತ್ತದೆ. ಬೆಳಗ್ಗೆ ಐದಕ್ಕೆದ್ದು ಕೊಟ್ಟಿಗೆ ಗುಡಿಸಿ, ಹಸು ತೊಳೆದು, ಹಾಲು ಕರೆದು, ಕ್ಯಾನು ಹೊತ್ತು ಡೈರಿಗೆ ಹಾಕುವವರು ನೀವು. ಹತ್ತು ಲೀಟರ್ ಡೈರಿಗೆ, ಅರ್ಧ ಲೀಟರ್ ಮನೆಗೆ. ಆ ಅರ್ಧದಲ್ಲಿ ಮಗನ ಲೋಟ, ಮೊಮ್ಮಗನ ಲೋಟ, ಯಜಮಾನರ ಕಾಫಿ. ನಿಮ್ಮ ಲೋಟಕ್ಕೆ ಬೀಳುವುದು ಬಣ್ಣ ಬರುವಷ್ಟು. ಒಂದು ಲೋಟ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಅದರ ಬಹುಪಾಲನ್ನು ನೀವು ಕೈಯಾರೆ ಅಳೆದು ಕೊಟ್ಟು ಬರುತ್ತೀರಿ. ಎರಡು ಲೋಟ ಮೊದಲೇ ತೆಗೆದಿಡಿ, ಮೊಸರಾದರೂ ಸರಿ. ನುಗ್ಗೆಸೊಪ್ಪಿನ ಉಪ್ಸಾರು ಮಾಡಿ. ಎಳ್ಳು, ಹುಚ್ಚೆಳ್ಳಿನ ಚಟ್ನಿಪುಡಿ ಮಾಡಿ, ಎಳ್ಳಿನಲ್ಲಿ ನೂರು ಗ್ರಾಂಗೆ ಸಾವಿರ ಮಿಲಿಗ್ರಾಂ ಮೀರಿ ಇದೆ, ಒಂದು ಚಮಚವೂ ಲೆಕ್ಕಕ್ಕೆ ಬರುತ್ತದೆ. ಪಾಲಕ್ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲೇ ಇರುವ ಆಕ್ಸಲೇಟ್ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದನ್ನು ನಂಬಿಕೊಂಡು ಕೂರಬೇಡಿ.

ದುಡಿಮೆಯ ಮಾತು. ಮೂಳೆಗೆ ಭಾರ ಬೀಳಬೇಕು, ನಡಿಗೆ, ಹತ್ತುವುದು ಇಳಿಯುವುದು ಬೇಕು, ನಿಜ. ಆದರೆ ಊಟ ಸಾಲದ ದುಡಿಮೆ ಮೂಳೆ ಕಟ್ಟುವುದಿಲ್ಲ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು ಬಡ ಕುಟುಂಬದ ಹೆಂಗಸರ ಮೂಳೆ ಅಳೆದು 2005ರಲ್ಲಿ ಪ್ರಕಟಿಸಿದರು. ಮೂವತ್ತರಿಂದ ಅರವತ್ತರ ವಯಸ್ಸಿನವರು, ಸೊಂಟದ ಮೂಳೆಯಲ್ಲಿ ನೂರಕ್ಕೆ 29 ಜನರಿಗೆ ಆಸ್ಟಿಯೋಪೊರೋಸಿಸ್. ಸುಮ್ನೆ ಕೂತು ತಿಂದವರಲ್ಲ ಅವರು.

ಬಿಸಿಲಿನ ವಿಷಯದಲ್ಲಿ ಗದ್ದೆಯವರು ಪುಣ್ಯವಂತರು. ಮೈಸೂರಿನಲ್ಲಿ ಮನೆಯೊಳಗಿನ ಕೆಲಸದಲ್ಲೇ ದಿನ ಕಳೆಯುವವರಿಗೂ, ಕತ್ತಲಲ್ಲಿ ಗಾರ್ಮೆಂಟ್ಸ್ ಬಸ್ಸು ಹತ್ತಿ ಕತ್ತಲಲ್ಲೇ ಇಳಿಯುವ ನಿಮ್ಮ ಹೆಣ್ಣುಮಕ್ಕಳಿಗೂ ಡಿ ವಿಟಮಿನ್ ಸಾಲುವುದಿಲ್ಲ. ಡಿ ಇಲ್ಲದಿದ್ದರೆ ತಿಂದ ಕ್ಯಾಲ್ಸಿಯಂ ಒಳಗೆ ಹೋಗುವುದಿಲ್ಲ. "ಎಳೆಬಿಸಿಲಿಗೆ ಕೂತ್ಕೋತೀನಿ" ಅನ್ನುತ್ತಾರೆ. ಎಳೆಬಿಸಿಲು ಹಿತ, ಡಿ ವಿಟಮಿನ್ ಮಾಡುವ ಕಿರಣ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಗುರುತು ಸುಲಭ, ನಿಮ್ಮ ನೆರಳು ನಿಮಗಿಂತ ಗಿಡ್ಡ ಇರಬೇಕು. ಕಿಟಕಿ ಗಾಜಿನ ಹಿಂದೆ ಕೂತರೆ ಬರುವುದಿಲ್ಲ. ಪರೀಕ್ಷೆ ಮಾಡಿಸಿ ಕಡಿಮೆ ಇದ್ದರೆ 60,000 ಯೂನಿಟ್‌ನ ಪುಡಿಯೋ ಗುಳಿಗೆಯೋ ಬರೆಯುತ್ತೇವೆ. ವಾರಕ್ಕೊಂದು ಅಂತ ಬರೆದದ್ದನ್ನು ದಿನಕ್ಕೊಂದು ನುಂಗಿ, ವಾಂತಿಯಾಗಿ ಬಂದವರನ್ನು ನೋಡಿದ್ದೇನೆ. ಜಾಸ್ತಿ ತಗೊಂಡರೆ ಬೇಗ ಗಟ್ಟಿಯಾಗುವುದಿಲ್ಲ, ಕಿಡ್ನಿ ಕೆಡುತ್ತದೆ.

ಮೂಳೆ ಟೊಳ್ಳಾದರೂ ಬೀಳದಿದ್ದರೆ ಬಹಳ ಸಲ ಬಚಾವು. ಹಾಗಾಗಿ ಮನೆಯೂ ಒಂದು ಕಾರಣವೇ. ಪಾಚಿ ಕಟ್ಟಿದ ಬಚ್ಚಲು, ಸೋಪಿನ ನೀರು ನಿಂತ ಕೆಂಪು ಗಾರೆ ನೆಲ, ಎತ್ತರದ ಹೊಸ್ತಿಲು, ಪೊರೆ ಬಂದ ಕಣ್ಣು, ನಿದ್ದೆ ಮಾತ್ರೆ, ರಾತ್ರಿ ಎದ್ದಾಗ ಕೈಗೆ ಸಿಗದ ಟಾರ್ಚು. ಹಸುವಿನ ಹಗ್ಗ ಕೈಗೆ ಸುತ್ತಿಕೊಂಡು ನಡೆಯುವವರೇ, ಅದು ಬೆದರಿ ಎಳೆದರೆ ನಿಮ್ಮನ್ನೂ ಎಳೆಯುತ್ತದೆ. ಹಗ್ಗ ಹಿಡಿಯಿರಿ, ಸುತ್ತಿಕೊಳ್ಳಬೇಡಿ.

ಪರೀಕ್ಷೆ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಕಾಫಿ ಬಂದಿದೆ. ಊರಿನಲ್ಲಿ ಉಚಿತ ಶಿಬಿರ ಹಾಕಿ ಹಿಮ್ಮಡಿಗೆ ಮಿಷನ್ ಇಟ್ಟು, ಕಾಗದ ಕೊಟ್ಟು, ಜೊತೆಗೆ ಮಾತ್ರೆ ಮಾರುತ್ತಾರಲ್ಲ, ನನಗೆ ಅದು ಇಷ್ಟ ಇಲ್ಲ. ಹಿಮ್ಮಡಿ ಪರೀಕ್ಷೆ ಅನುಮಾನ ಹುಟ್ಟಿಸಲು ಸಾಕು, ಕಾಯಿಲೆ ಇದೆ ಅಂತ ತೀರ್ಮಾನಿಸಲು ಸಾಲದು. ಅದಕ್ಕೆ ಡೆಕ್ಸಾ ಸ್ಕ್ಯಾನ್ ಅಂತ ಇದೆ, ಸೊಂಟ ಮತ್ತು ಬೆನ್ನಿನ ಮೂಳೆ ಅಳೆಯುತ್ತದೆ. ಅದರ ರಿಪೋರ್ಟಿನಲ್ಲಿ ಟಿ-ಸ್ಕೋರ್ ನೋಡಿ. ಮೈನಸ್ 1ರವರೆಗೆ ಸರಿ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್. ನಡುವೆ ಇದ್ದರೆ ಮೂಳೆ ಇಳಿಯಲು ಶುರುವಾಗಿದೆ ಅಂತ. ಅರವತ್ತೈದು ದಾಟಿದವರು ಎಲ್ಲರೂ ಮಾಡಿಸುವುದು ಒಳ್ಳೆಯದು. ಅದಕ್ಕಿಂತ ಚಿಕ್ಕವರು, ಈಗ ಹೇಳಿದ ಕಥೆಗಳಲ್ಲಿ ನಿಮ್ಮದೂ ಇದ್ದರೆ ಡಾಕ್ಟರನ್ನು ಕೇಳಿ. ಔಷಧಿ ಇದೆ. ವಾರಕ್ಕೊಂದು ಮಾತ್ರೆ ಇದೆ, ವರ್ಷಕ್ಕೊಂದು ಡ್ರಿಪ್ ಇದೆ, ಆರು ತಿಂಗಳಿಗೊಂದು ಇಂಜೆಕ್ಷನ್ ಇದೆ. ಯಾರಿಗೆ ಯಾವುದು ಅಂತ ಎದುರಿಗೆ ಕೂತು ಮಾತಾಡಬೇಕಾದ ವಿಷಯ, ಮೈಕಿನಲ್ಲಿ ಹೇಳುವುದಲ್ಲ.

ಈಗ ಹಿಂದಿನ ಗೋಡೆ ನೋಡಿ. ಟೈಲರ್ ಟೇಪನ್ನು ನೆಲದಿಂದ ನೇರವಾಗಿ ಅಂಟಿಸಿದ್ದೇವೆ. ಕಾಫಿಗೆ ಹೋಗುವ ಮುಂಚೆ ಒಬ್ಬೊಬ್ಬರಾಗಿ ಬನ್ನಿ, ಚಪ್ಪಲಿ ಬಿಟ್ಟು, ಹಿಮ್ಮಡಿ ಮತ್ತು ಬೆನ್ನು ಗೋಡೆಗೆ ತಾಗಿಸಿ, ತುರುಬು ಬಿಚ್ಚಿ ನೇರ ಮುಂದೆ ನೋಡಿ ನಿಲ್ಲಿ. ತಲೆಯ ಹಿಂಭಾಗ ಗೋಡೆಗೆ ಮುಟ್ಟುತ್ತದಾ ಅಂತ ಸಿಸ್ಟರ್ ನೋಡುತ್ತಾರೆ. ಮುಟ್ಟದಿದ್ದರೆ, ಅಥವಾ ನೀವು ಮೊದಲಿದ್ದದ್ದಕ್ಕಿಂತ ನಾಲ್ಕು ಸೆಂಟಿಮೀಟರ್ ಇಳಿದಿದ್ದೀರಿ ಅನ್ನಿಸಿದರೆ ನನ್ನ ಮೇಜಿನ ಹತ್ತಿರ ಬನ್ನಿ. ಎತ್ತರ ಬರೆದುಕೊಳ್ಳಲು ಪ್ರತಿಯೊಬ್ಬರಿಗೂ ಒಂದು ಚೀಟಿ ಕೊಡುತ್ತೇವೆ, ಅದನ್ನು ಸಂಘದ ಪಾಸ್‌ಬುಕ್ಕಿನೊಳಗೆ ಇಟ್ಟುಕೊಳ್ಳಿ, ಅದೊಂದನ್ನು ನೀವು ಕಳೆಯುವುದಿಲ್ಲ. ಮೊದಲು ಹಿಂದಿನ ಸಾಲಿನವರು ಬನ್ನಿ. ಅಜ್ಜಿ, ನೀವು ಅಲ್ಲೇ ಕೂತಿರಿ, ಟೇಪು ಹಿಡಿದುಕೊಂಡು ನಾವೇ ಬರುತ್ತೇವೆ.